ರಸ್ತಾ ಕಡಿಯದೆ ನೀರು ದಾಟಿಸೋ ವಿದ್ಯೆ: ತೊರವಿಯಿಂದ ಇವತ್ತಿನ ಮಷಿನ್‌ವರೆಗೆ

ಡಾಂಬರು ಕಡಿಯದೆ ರಸ್ತಾದ ಕೆಳಗೆ ಪೈಪ್ ಎಳೆಯೋ ಮಷಿನ್ ನಮ್ಮ ಕಡೆ ಬಂದಾಗಿಂದ ಎಲ್ಲರೂ ಅದನ್ನ ಹೊಸ ವಿದ್ಯೆ ಅಂತಾರ. ಮಷಿನ್ ಹೊಸದು, ಖರೆ. ಆದರೆ ಮ್ಯಾಲಿನ ನೆಲ ಸೀಳದೆ ಒಳಗಿಂದ ನೀರು ಒಯ್ಯೋದು ನಮ್ಮ ವಿಜಯಪುರಕ್ಕೆ ನಾಲ್ಕುನೂರು ವರ್ಷದ ಹಿಂದೇನೇ ಗೊತ್ತಿತ್ತು.

ಆದಿಲಶಾಹಿ ಕಾಲದಲ್ಲಿ ಊರು ಬೆಳೆದಂಗ ಕೋಟೆಯೊಳಗಿನ ಬಾವಿಗಳ ನೀರು ಸಾಲದಾಯ್ತು. 16ನೇ ಶತಮಾನದಲ್ಲಿ ಮೊದಲನೇ ಅಲಿ ಆದಿಲಶಾಹ ಪಶ್ಚಿಮಕ್ಕಿರೋ ತೊರವಿಯಿಂದ ಸುರಂಗದಲ್ಲಿ ನೀರು ತರಿಸಿದ. ಅದರ ಕುರುಹು ಸುರಂಗ ಬಾವಡಿ ಇವತ್ತಿಗೂ ಅದ. ಇಂಥದಕ್ಕೆ ಕರೇಜ್ ಅಂತಾರ, ಬೀದರದ ನೌಬಾದಿನಲ್ಲೂ ಒಂದು ಅದ. ವಿದ್ಯೆ ಬಂದದ್ದು ಪರ್ಶಿಯಾದಿಂದ. ಅಲ್ಲಿಯ ಅಲ್-ಕರಜಿ ಅನ್ನೋ ಗಣಿತದ ಪಂಡಿತ ಸಾವಿರ ವರ್ಷದ ಹಿಂದೆಯೇ ನೆಲದೊಳಗಿನ ನೀರು ಹೊರಗೆ ತರೋದರ ಮ್ಯಾಲೆ ಒಂದು ಪುಸ್ತಕಾನೇ ಬರೆದಾನ.

ಅದರ ಕ್ರಮ ಹಿಂಗ ನೋಡ್ರಿ. ಎತ್ತರದಲ್ಲಿ, ಸೆಲೆ ಸಿಕ್ಕಲ್ಲಿ, ತಾಯಿಬಾವಿ ತೋಡೋದು. ಅಲ್ಲಿಂದ ಊರ ಕಡೆಗೆ ಸಾಲಾಗಿ ಕಿರುಬಾವಿಗಳು. ಒಂದರ ತಳದಿಂದ ಇನ್ನೊಂದರ ತಳಕ್ಕೆ ಅಡ್ಡ ಅಗೀತಾ ಹೋಗೋದು, ಮಣ್ಣನ್ನ ಅದೇ ಬಾಯಿಂದ ಹಗ್ಗ ಕಟ್ಟಿ ಮ್ಯಾಲೆ ಎಳೆಯೋದು. ಒಳಗೆ ಕತ್ತಲಿ, ದಿಕ್ಕು ಹೆಂಗ ಹಿಡಿಯೋದು? ಕಿರುಬಾವಿ ಬಾಯಿಗೆ ಕೋಲು ಅಡ್ಡ ಇಟ್ಟು ಎರಡು ತೂಕದ ಗುಂಡು ಇಳಿಬಿಡ್ತಿದ್ರು. ಒಳಗಿದ್ದವನಿಗೆ ಆ ಎರಡು ಹಗ್ಗ ಒಂದೇ ಗೆರೆಯಾಗಿ ಕಂಡರೆ ದಾರಿ ಸರಿ. ಇಳಿಜಾರು ಹೆಚ್ಚಾದರೆ ನೀರು ತಳ ಕೊರೀತದ, ಕಡಿಮೆಯಾದರೆ ಹೂಳು ನಿಲ್ತದ. ಕಾಲುವಿ ನೀರು ಹಾಯಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ 1651ರಲ್ಲಿ ಮಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಲಾಬದಿಂದ ಊರಿಗೆ ಮಣ್ಣಿನ ಪೈಪಿನಲ್ಲೇ ನೀರು. 15 ಅಡಿಯಿಂದ 50 ಅಡಿ ಆಳ, ಸುತ್ತ ಗಾರೆ ಕಟ್ಟಡದ ಕವಚ. ಮಣ್ಣಿನ ಪೈಪ್ ಎಷ್ಟು ಒತ್ತಡ ತಡೀತದ? ಅದಕ್ಕೇ ನಡುನಡುವೆ 25ರಿಂದ 40 ಅಡಿ ಎತ್ತರದ ಗಂಜ್ ಅನ್ನೋ ಗೋಪುರ ಕಟ್ಟಿ ಒತ್ತಡ ಅಲ್ಲಿ ಇಳಿಸ್ತಿದ್ರು. ನಾವು ಈಗ ಲೈನ್ ಒಡೀಬಾರದು ಅಂತ ಏರ್ ವಾಲ್ವ್ ಕೂಡಿಸ್ತೀವಿ, ಅವರು ಗೋಪುರ ಕಟ್ಟಿದರು. ಪೇಟೆಗೆ ಹೋದಾಗ ಗಂಜ್ ಕಂಡರೆ ಹಾಳು ಗೋಡೆ ಅಂತ ದಾಟಿ ಹೋಗಬ್ಯಾಡ್ರಿ.

ಇವತ್ತಿನ ಮಷಿನ್ನಿನ ಕಥೆ 1971ರದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರ್ಟಿನ್ ಚೆರಿಂಗ್ಟನ್ ಅನ್ನೋ ಗುತ್ತಿಗೆದಾರ ಪಜಾರೊ ನದಿಯ ಕೆಳಗೆ 4 ಇಂಚಿನ ಗ್ಯಾಸ್ ಪೈಪ್ ದಾಟಿಸಿದ. ಎಣ್ಣೆ ಬಾವಿ ಓರೆಯಾಗಿ ಕೊರೆಯೋ ರೀತಿಯನ್ನ ಅಡ್ಡಕ್ಕೆ ತಂದದ್ದು ಅವನ ಜಾಣತನ. ಈಗ ನಮ್ಮ ರಸ್ತಾಗಳಲ್ಲಿ ಕಾಣೋದು ಅದರ ಮರಿ. ಮೂತಿ ಓರೆಯಿರೋ ಬಿಟ್, ಅದರ ಹಿಂದೆ ಸಿಗ್ನಲ್ ಕೊಡೋ ಯಂತ್ರ. ಮ್ಯಾಲೆ ಒಬ್ಬ ಅದನ್ನ ಹಿಡಿಯೋ ಡಬ್ಬಿ ಹಿಡಿದು ನಡೀತಾನ, ಆಳ ಎಷ್ಟು, ಎತ್ತ ಹೊಂಟದ ಅಂತ ಕೂಗಿ ಹೇಳ್ತಾನ. ಎರಡು ಹಗ್ಗದ ಕೆಲಸ ಈಗ ಆ ಡಬ್ಬಿ ಮಾಡ್ತದ, ಅಷ್ಟೇ. ತೂತು ಕುಸೀಬಾರದು ಅಂತ ಬೆಂಟೊನೈಟ್ ಮಣ್ಣಿನ ನೀರು ಬಿಡ್ತಾರ. ಆ ಕಡೆ ಹೊರಬಂದ ಮ್ಯಾಲೆ ದೊಡ್ಡ ರೀಮರ್ ಹಾಕಿ ತೂತು ಅಗಲ ಮಾಡ್ತಾ, ಬೆಸೆದ ಎಚ್‌ಡಿಪಿಇ ಪೈಪನ್ನ ಹಿಂದಕ್ಕೆ ಎಳೀತಾರ. ಎರೆಮಣ್ಣಿನಲ್ಲಿ ಸಲೀಸು. ಕರಿಕಲ್ಲು ಅಡ್ಡ ಬಂದರೆ ಸಣ್ಣ ಮಷಿನ್ ಸೋಲ್ತದ.

ನನಗ ಕಾಡೋದು ಬ್ಯಾರೆ. ಕರೇಜಿಗೆ ಅಷ್ಟಷ್ಟು ದೂರಕ್ಕೊಂದು ಬಾಯಿ ಇತ್ತು. ಇಳಿದು ಹೂಳು ತೆಗೀಬಹುದಿತ್ತು, ಗಾಳಿ ಆಡ್ತಿತ್ತು. ಮುಂದೆ ಆ ಬಾಯಿಗಳನ್ನ ಕಸ ಹಾಕಿ ಮುಚ್ಚಿದರು, ಮ್ಯಾಲೆ ಮನಿ ಕಟ್ಟಿದರು. ನಕ್ಷೆ ಹಿಡಿದವರಿಲ್ಲದ್ದಕ್ಕೆ ಲೈನ್ ಎಲ್ಲಿ ಹೋಗ್ಯಾದ ಅಂತ ಈಗ ಹುಡುಕೋದಾಗ್ಯಾದ. ಬೀದರದಲ್ಲಿ ಹೂಳು ತೆಗೆದ ಮ್ಯಾಲೇ ನೌಬಾದ್ ಕರೇಜಿನ ಅಳತಿ ಸಿಕ್ಕದ್ದು. ನಮ್ಮ ಸುರಂಗ ಬಾವಡಿಯನ್ನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿ ಪಟ್ಟಿಗೆ ಸೇರಿಸಿತು. ಇವತ್ತಿನ ಮಷಿನ್ನಿನ ಲೈನಿಗೆ ಎರಡೇ ಬಾಯಿ, ಅವೂ ಆಮೇಲೆ ಮುಚ್ಚಿಹೋಗ್ತಾವ. ನಡುವೆ ಹನ್ನೆರಡು ಅಡಿ ಆಳದಲ್ಲಿ ಬೆಸುಗೆ ಬಿಟ್ಟರೆ ಯಾವ ಕಡೆಯಿಂದ ಇಳಿತೀರಿ?

ನಮ್ಮ ಬಾವಿ ರಸ್ತಾದ ಈ ಕಡೆ, ಆರು ಮಂದಿಯ ದ್ರಾಕ್ಷಿ, ಕಬ್ಬು ಆ ಕಡೆ. ರಸ್ತಾ ಅಗಲ ಆಗೋ ಮೊದಲು ದಾಟಿಸಬೇಕು, ಆಮೇಲೆ ಕಡಿಯಾಕ ಬಿಡೂದಿಲ್ಲ. ಗುತ್ತಿಗೆದಾರ 90 ಎಂಎಂ ಪೈಪ್ ನೇರ ಎಳೀತೀನಿ ಅಂದ. ನಾನು ಹೇಳಿದ್ದು: ಮೊದಲು 160ರ ಕವಚದ ಪೈಪ್ ಎಳಿ, ಅದರೊಳಗೆ ನಮ್ಮದು ಇರಲಿ, ಕೆಟ್ಟರೆ ಎಳೆದು ಬದಲಿಸಬಹುದು. ಖರ್ಚು ಹೆಚ್ಚು ಅಂತ ಇಬ್ಬರು ಇನ್ನೂ ಒಪ್ಪಿಲ್ಲ. ಡಬ್ಬಿ ಹಿಡಿದವನು ಕೂಗೋ ಆಳವನ್ನ ಪ್ರತಿ ಹತ್ತು ಅಡಿಗೆ ಬರಕೊಂಡು, ಎರಡೂ ಕಡೆ ಕಲ್ಲು ನೆಟ್ಟು, ಆರೂ ಮನಿಗೆ ಒಂದೊಂದು ನಕ್ಷೆ ಕೊಡೋದು ಅಂತ ಮಾತ್ರ ಎಲ್ಲರೂ ಒಪ್ಪ್ಯಾರ.