ಮಲಪ್ರಭೆ: ಗುಡಿಗಳ ಆಚೆಯ ಹೊಳೆ

ಹೊರದೇಶಗಳಿಂದ ರಜೆಗೆ ಬರುವ ನಮ್ಮವರು ಬಾದಾಮಿ ಸೀಮೆಗೆ ಕಾಲಿಡುವುದು ಹೆಚ್ಚಾಗಿ ಡಿಸೆಂಬರಿನಲ್ಲಿ. ಬೆಳಿಗ್ಗೆ ಬಾದಾಮಿಯ ಗುಹೆಗಳು, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಮುಳುಗುವುದರೊಳಗೆ ಐಹೊಳೆ. ಮೂರೂ ಮುಗಿಯಿತೆಂದು ಕಾರು ಹತ್ತುತ್ತಾರೆ. ಪಟ್ಟದಕಲ್ಲಿನ ಗುಡಿಗಳ ಪೂರ್ವಕ್ಕೆ, ಕೂಗಳತೆಯಲ್ಲಿ ಹರಿಯುವ ಹೊಳೆಯನ್ನು ನೋಡಿದಿರಾ ಎಂದು ಕೇಳಿದರೆ ಬಹಳ ಜನ ಮುಖ ಮುಖ ನೋಡುತ್ತಾರೆ. ಆ ತಿಂಗಳಲ್ಲಿ ಮಲಪ್ರಭೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿರುತ್ತದೆ, ಗಮನಕ್ಕೆ ಬರುವುದಿಲ್ಲ. ಆದರೆ ಈ ಗುಡಿಗಳೆಲ್ಲ ಇದೇ ಸೀಮೆಯಲ್ಲಿ ಏಕೆ ಎದ್ದವು ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಆ ಹೊಳೆಯನ್ನೇ ಕೇಳಬೇಕು.

ಮಲಪ್ರಭೆ ಹುಟ್ಟುವುದು ಬಾದಾಮಿಯ ಬಿಸಿಲಿಗೆ ಸಂಬಂಧವೇ ಇಲ್ಲದ ಸೀಮೆಯಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿ, ಸಹ್ಯಾದ್ರಿಯ ನೆತ್ತಿಯಲ್ಲಿ ಸುಮಾರು 792 ಮೀಟರ್ ಎತ್ತರದಲ್ಲಿರುವ ಹಳ್ಳಿ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಬಾದಾಮಿಗೆ ಬೀಳುವುದು 600ರ ಆಸುಪಾಸು. ಅದೇ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು ಗೋವಾದ ಮಾಂಡೋವಿಯಾಗಿ ಅರಬ್ಬೀ ಸಮುದ್ರ ಸೇರಿದರೆ, ಮಲಪ್ರಭೆ ಪೂರ್ವಕ್ಕೆ ತಿರುಗಿ 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಯಲುಸೀಮೆಗೆ ಮಲೆನಾಡಿನ ಮಳೆಯನ್ನು ಹೊತ್ತು ತರುವ ಹೊಳೆ ಇದು. ಬೆಣ್ಣೆಹಳ್ಳ, ತುಪರಿಹಳ್ಳ, ಹಿರೇಹಳ್ಳ ದಾರಿಯಲ್ಲಿ ಕೂಡಿಕೊಳ್ಳುತ್ತವೆ.

ಹುಟ್ಟೂರಿನ ಪಕ್ಕದಲ್ಲೇ ಭೀಮಗಡ ಅಭಯಾರಣ್ಯವಿದೆ. ಸರ್ಕಾರ ಅದನ್ನು ಘೋಷಿಸಿದ್ದು 2011ರಲ್ಲಿ. ಹುಲಿ, ಚಿರತೆ, ಕರಡಿ, ಕಾಡುಕೋಣಗಳ ಕಾಡು. ಅಲ್ಲಿನ ಬಾರಾಪೇಡೆ ಗುಹೆಯಲ್ಲಿ ನೆಲೆಸಿರುವ ರೌಟನ್ ಬಾವಲಿಯನ್ನು ವಿಜ್ಞಾನಿಗಳು 1913ರಲ್ಲಿ ಮೊದಲು ವರ್ಣಿಸಿದರು. ಮುಂದೆ ಬಹುಕಾಲ ಈ ಗುಹೆಯ ಹೊರತು ಜಗತ್ತಿನ ಬೇರೆಲ್ಲೂ ಅದು ಸಿಕ್ಕಿರಲಿಲ್ಲ. ಮೇಘಾಲಯ, ಕಾಂಬೋಡಿಯಗಳಲ್ಲಿ ಕಂಡದ್ದು ತೀರ ಈಚೆಗೆ. ಕೆಳಗಿನ ಬಯಲಿಗೆ ಬಂದರೆ ಜೀವಲೋಕವೇ ಬೇರೆ. ಕುರುಚಲು ಗುಡ್ಡಗಳಲ್ಲಿ ತೋಳ, ನರಿ, ನವಿಲು. ಬೀಳಗಿ–ಮುಧೋಳದ ನಡುವಿನ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದೇ 2016ರಲ್ಲಿ ಅಭಯಾರಣ್ಯವಾಯಿತು. ಹುಲಿಯ ಕಾಡಿನಿಂದ ಚಿಂಕಾರದ ಬಯಲಿನ ತನಕ ಅಕ್ಕಪಕ್ಕದ ಎರಡು ಜಿಲ್ಲೆಗಳಲ್ಲಿ ಕಾಣುವ ಭಾಗ್ಯ ಎಲ್ಲ ಸೀಮೆಗಳಿಗೂ ಇರುವುದಿಲ್ಲ.

ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ಸವದತ್ತಿ ಹತ್ತಿರ ಬಂದಾಗ ಹೊಳೆಗೆ ಮರಳುಗಲ್ಲಿನ ಗುಡ್ಡ ಅಡ್ಡವಾಗುತ್ತದೆ. ಅದನ್ನು ಸೀಳಿಕೊಂಡು ಹೊಳೆ ದಾರಿ ಮಾಡಿಕೊಂಡ ಇಕ್ಕಟ್ಟೇ ನವಿಲುತೀರ್ಥ. ಮುಂದೆ ರಾಮದುರ್ಗದಿಂದ ಬಾದಾಮಿ, ಐಹೊಳೆಯ ತನಕ ಕೆಂಪು ಮರಳುಗಲ್ಲು ಹೊಳೆಯ ಜೊತೆ ಬಿಡುವುದಿಲ್ಲ. ಭೂವಿಜ್ಞಾನಿಗಳು ಕಲಾದಗಿ ಶಿಲಾಸ್ತರ ಎಂದು ಕರೆಯುವ ಈ ಕಲ್ಲು, ಪ್ರಾಣಿಗಳು ನೆಲಕ್ಕೆ ಕಾಲಿಡುವುದಕ್ಕಿಂತ ಎಷ್ಟೋ ಕೋಟಿ ವರ್ಷ ಮೊದಲು ನೀರಿನ ಕೆಳಗೆ ಶೇಖರವಾದ ಮರಳು. ಬಾದಾಮಿಯ ಬಂಡೆಗಳಲ್ಲಿ ಆ ನೀರಿನ ಅಲೆಯ ಗುರುತು ಇವತ್ತಿಗೂ ಕಾಣುತ್ತದೆ. ಪದರು ಪದರಾಗಿ ಕೂತ ಕಲ್ಲಾದ್ದರಿಂದ ಚಪ್ಪಡಿಯಾಗಿ ಏಳುತ್ತದೆ, ಉಳಿಗೆ ಬಗ್ಗುತ್ತದೆ, ನೂರಾರು ವರ್ಷ ಬಿಸಿಲು ಮಳೆ ತಡೆಯುತ್ತದೆ. ಶಿಲ್ಪಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಸಿಗುವುದು ಕಷ್ಟ.

ಈ ಗುಡಿಗಳನ್ನು ಕಟ್ಟಿದ ಚಾಲುಕ್ಯರಿಗಿಂತ ಎಷ್ಟೋ ಮೊದಲು ಮನುಷ್ಯ ಈ ದಂಡೆ ಹಿಡಿದಿದ್ದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಈ ಕಣಿವೆಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ಹೆಕ್ಕಿದರು. ಬಾದಾಮಿ ತಾಲ್ಲೂಕಿನ ಖ್ಯಾಡ ಅದರಿಂದಲೇ ಪುರಾತತ್ವಜ್ಞರಿಗೆ ಪರಿಚಿತವಾಯಿತು. ಆರ್.ವಿ. ಜೋಶಿ ಅವರು ಇಡೀ ಕಣಿವೆಯನ್ನು ಅಧ್ಯಯನ ಮಾಡಿ 1955ರಲ್ಲಿ ಪುಸ್ತಕ ತಂದರು. ಐಹೊಳೆಯ ಮೇಗುಟಿ ಗುಡ್ಡದ ಹಿಂಭಾಗಕ್ಕೆ ಹೋದರೆ ಬೃಹತ್ ಶಿಲಾಯುಗದ ಕಲ್ಮನೆಗಳು ಸಾಲಾಗಿ ನಿಂತಿವೆ. ಗುಡಿ ನೋಡಿ ಹಿಂತಿರುಗುವವರು ಇನ್ನು ನಾಲ್ಕು ಹೆಜ್ಜೆ ನಡೆಯುವುದಿಲ್ಲ ಎನ್ನುವುದು ನನಗೆ ಬಹಳ ದಿನದ ಕೊರಗು.

ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ. ಗಮನಿಸಿ, ರಾಜಧಾನಿಯನ್ನು ಅವನು ಹೊಳೆಯ ದಂಡೆಗೇ ಕಟ್ಟಲಿಲ್ಲ. ಕಾವಲಿಗೆ ಕಡಿದಾದ ಬಂಡೆ ಬೇಕಿತ್ತು. ಕುಡಿಯುವ ನೀರಿಗೆ ಎರಡು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥ ಇತ್ತು. ಹೊಳೆಯ ದಂಡೆಯನ್ನು ಚಾಲುಕ್ಯರು ದೇವರಿಗೆ, ಪಟ್ಟಾಭಿಷೇಕಕ್ಕೆ ಬಿಟ್ಟರು. ಮೇಗುಟಿ ಗುಡಿಯ ಗೋಡೆಯ ಮೇಲೆ 634ರಲ್ಲಿ ಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಕೆತ್ತಿಸಿದ. ಹರ್ಷವರ್ಧನ ಸೋತ ಸುದ್ದಿ ಅದರಲ್ಲಿದೆ. ಎಂಟೇ ವರ್ಷದಲ್ಲಿ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಸುಮಾರು ನೂರು ವರ್ಷದ ನಂತರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದು ನಾವು ವಿರೂಪಾಕ್ಷ ಎನ್ನುವ ಗುಡಿಯನ್ನು ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿ ಉಳಿದಿದೆ. ಆ ಗುಡಿಯ ಮಹಾದ್ವಾರ ಪೂರ್ವಕ್ಕೆ, ಹೊಳೆಯ ಕಡೆಗೆ ತೆರೆಯುತ್ತದೆ. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಈ ನೆಲಕ್ಕೆ ವಿಶೇಷ ಪಾವಿತ್ರ್ಯ ಬಂತು. 1987ರಲ್ಲಿ ಯುನೆಸ್ಕೊ ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನೊಂದು ಚರಿತ್ರೆಯೂ ಇದೇ ನೀರಿನ ಮೇಲೆ ಬರೆದಿದೆ. 12ನೆಯ ಶತಮಾನದ ಕಲ್ಯಾಣದ ಕ್ರಾಂತಿಯ ನಂತರ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ಮೇಲ್ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ಹೊಳೆಯಲ್ಲೇ ಇದೆ. ಬಸವಣ್ಣನವರದು ಹೊಳೆ ಮುಗಿಯುವ ಕೂಡಲಸಂಗಮದಲ್ಲಿ. ಇನ್ನೊಬ್ಬ ಪತ್ನಿ ನೀಲಾಂಬಿಕೆಯದು ಕೃಷ್ಣೆಯ ಆಚೆ ದಂಡೆಯ ತಂಗಡಗಿಯಲ್ಲಿ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಉಳಿಸಿಕೊಂಡರು. ಇಂದು ಮೆಟ್ಟಿಲಿಳಿದು ದರ್ಶನ ಮಾಡಬೇಕು.

ನಮ್ಮ ಕಾಲದ ಕಥೆಗೆ ನವಿಲುತೀರ್ಥಕ್ಕೇ ಮರಳಬೇಕು. ಆ ಇಕ್ಕಟ್ಟಿಗೆ ಅಣೆಕಟ್ಟೆ ಕಟ್ಟಿ 1970ರ ದಶಕದ ಮೊದಲಲ್ಲಿ ರೇಣುಕಾಸಾಗರ ಮಾಡಿದರು. ಹಿಡಿಯುವ ನೀರು ಸುಮಾರು 37 ಟಿಎಂಸಿ. ನರಗುಂದ, ನವಲಗುಂದದ ಎರೆ ಹೊಲಗಳಿಗೆ ಕಾಲುವೆ ಬಂತು, ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರು ಬಂತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದು ನಿಂತರು, ಗುಂಡು ಹಾರಿತು, ಜೀವಗಳು ಹೋದವು. ಅಲ್ಲಿಂದ ಹಬ್ಬಿದ ರೈತ ಚಳವಳಿ 1983ರಲ್ಲಿ ಸರ್ಕಾರ ಬದಲಾಗುವುದಕ್ಕೂ ಒಂದು ಕಾರಣವಾಯಿತು. ಪ್ರತಿ ಜುಲೈ 21ಕ್ಕೆ ಅಲ್ಲಿ ಹುತಾತ್ಮರನ್ನು ನೆನೆಯುತ್ತಾರೆ.

ಜಲಾಶಯ ಹಲವು ವರ್ಷ ತುಂಬಲೇ ಇಲ್ಲ. ಅದಕ್ಕೇ ಮಹದಾಯಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಇತ್ತ ತಿರುಗಿಸಬೇಕೆಂಬ ಹೋರಾಟ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಇದಕ್ಕೆ 3.9 ಟಿಎಂಸಿ ಕೊಟ್ಟಿತು. ಮರು ವರ್ಷ, 2019ರ ಆಗಸ್ಟಿನಲ್ಲಿ, ಹೊಳೆ ಎಂಥ ಪ್ರವಾಹವಾಗಿ ಬಂತೆಂದರೆ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತಿತು. 2009ರಲ್ಲೂ ದಂಡೆಯ ಊರುಗಳು ಮುಳುಗಿದ್ದವು. ಬರ, ನೆರೆ ಎರಡೂ ಒಂದೇ ಹೊಳೆಯಲ್ಲಿ. ಹೊಳೆಯ ಪಾತ್ರವನ್ನೇ ಒತ್ತಿ ಕಬ್ಬು ಹಾಕಿದ್ದು, ಪಾತ್ರದ ತುಂಬ ಜಾಲಿ ಕಂಟಿ ಬೆಳೆದದ್ದು ನೆರೆಯನ್ನು ಹೆಚ್ಚಿಸಿದೆ. ರೈತರ ನೀರಿನ ಹಕ್ಕನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಣಕುಂಬಿಯ ಕಾಡು ಉಳಿಯದಿದ್ದರೆ ಯಾವ ತೀರ್ಪಿನ ನೀರೂ ನಿಲ್ಲುವುದಿಲ್ಲ, ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಸಾಧ್ಯವಾದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಬನ್ನಿ. ಖಾನಾಪುರದಿಂದ ಹೊರಟು ಹೊಳೆಯ ಜೊತೆಯಲ್ಲೇ ಕೂಡಲಸಂಗಮದ ತನಕ ಎರಡು ದಿನ ತಿರುಗಿ. ಕಮತಗಿಯಲ್ಲಿ ನೇಕಾರರ ಮಗ್ಗ ನೋಡಿ, ಅಮೀನಗಡದ ಕರದಂಟು ಕಟ್ಟಿಸಿಕೊಳ್ಳಿ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ದರ್ಶನವಾದ ಮೇಲೆ, ಹೊಳೆ ತುಂಬಿ ಬರದಿದ್ದರೆ, ಪೂರ್ವದ ಬಾಗಿಲಿನಿಂದ ದಂಡೆಯ ತನಕ ಮಕ್ಕಳನ್ನು ಕರೆದುಕೊಂಡು ಹೋಗಿ.