ಮೈಸೂರು ಅಂಚೆ ಮತ್ತು ರಾಜ್ಯದ ಕಿವಿ

ಕಪಿಲಾ ತೀರದ ನಂಜನಗೂಡೂ ಕಾವೇರಿ-ಕಪಿಲಾ ಸಂಗಮದ ತಿರುಮಕೂಡಲು ನರಸೀಪುರವೂ ಮೈಸೂರು ಒಡೆಯರ ನಾಡಿನ ಒಳಸೀಮೆಯ ಊರುಗಳು. ಚಿಕ್ಕದೇವರಾಜ ಒಡೆಯರು (1673–1704) ರಾಜ್ಯದಲ್ಲೆಲ್ಲ ಏರ್ಪಡಿಸಿದ ಅಂಚೆಯ ಕಾರ್ಯ ಓಲೆ ಸಾಗಿಸುವುದಷ್ಟೇ ಆಗಿರಲಿಲ್ಲ. ಅಂಚೆಯ ಮುಖ್ಯರು ಅರಸರ ಆಪ್ತರು, ಕೆಳಗಿನವರು ಗೂಢಚಾರರು. ತಂತಮ್ಮ ಸೀಮೆಯ ಗುಟ್ಟಿನ ಸಂಗತಿಗಳನ್ನು ಅವರು ಕ್ರಮವಾಗಿ ವರದಿ ಮಾಡುತ್ತಿದ್ದರೆಂದು ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಬರೆದಿದ್ದಾನೆ. ಹೈದರನ ಕಾಲದಲ್ಲಿ ಈ ವ್ಯವಸ್ಥೆ ಪೂರ್ಣರೂಪ ತಳೆಯಿತೆಂಬುದು ಅವನ ಮತ. ವಿಲ್ಕ್ಸನು ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಅವನ ಮಾತನ್ನು ತೂಗಿನೋಡಿಯೇ ಸ್ವೀಕರಿಸಬೇಕು.

1889ರಲ್ಲಿ ಮೈಸೂರು ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಅಷ್ಟರಲ್ಲಿ 1885ರ ತಂತಿ ಅಧಿನಿಯಮವು ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಾಗಿತ್ತು. ಗೃಹ ಕಾರ್ಯದರ್ಶಿಯ ಆಜ್ಞೆ, ಕಾಲಮಿತಿ, ಪರಿಶೀಲನಾ ಸಮಿತಿ ಇವುಗಳನ್ನು ವಿಧಿಸಿದ್ದು 1996ರ ಸುಪ್ರೀಂ ಕೋರ್ಟಿನ ತೀರ್ಪು. ಅಂದರೆ ನೂರಹನ್ನೊಂದು ವರ್ಷಗಳ ತರುವಾಯ!

ಸಂಘಟಿತ ಅಪರಾಧಗಳ ತನಿಖೆಗೆಂದು ಕರ್ನಾಟಕವು 2000ದಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ರಚಿಸಿ, ಹೀಗೆ ಆಲಿಸಿದ ಸಂಭಾಷಣೆಯನ್ನು ಸಾಕ್ಷ್ಯವಾಗಿ ಅಂಗೀಕರಿಸಲು ಅವಕಾಶ ಮಾಡಿತು. ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ನೆಯ ಪ್ರಕರಣದಂತೆ, ಆಜ್ಞೆ ಬಂದಾಗ ಇಂಟರ್‌ನೆಟ್ ಕಂಪನಿಯವರು ನೆರವಾಗದಿದ್ದರೆ 7 ವರ್ಷಗಳವರೆಗೆ ಸೆರೆವಾಸ. 2023ರ ದೂರಸಂಪರ್ಕ ಅಧಿನಿಯಮವೂ ಈ ಅಧಿಕಾರವನ್ನು ಉಳಿಸಿಕೊಂಡಿದೆ.

ಹಿಂದಿನ ಅಂಚೆಯವನು ತಾನೇ ಕಿವಿಗೊಡುತ್ತಿದ್ದನು. ಇಂದಿನ ಕಂಪನಿಯು ಲಿಖಿತ ಆಜ್ಞೆಗೆ ಮಾತ್ರ ಬಾಗಿಲು ತೆರೆಯಬೇಕು. ಈ ವ್ಯತ್ಯಾಸ ಅಲ್ಪವೇನೂ ಅಲ್ಲ. ಆದರೆ ಆಲಿಸಲ್ಪಟ್ಟ ನಂಜನಗೂಡಿನ ವರ್ತಕನಿಗೆ ಅದನ್ನು ತಿಳಿಸಬೇಕೆಂಬ ಕಟ್ಟಳೆ ಇಂದಿಗೂ ಇಲ್ಲ. ಆಜ್ಞೆಗಳನ್ನು ಪರಿಶೀಲಿಸುವ ರಾಜ್ಯ ಸಮಿತಿಗೆ ಮುಖ್ಯ ಕಾರ್ಯದರ್ಶಿಯೇ ಅಧ್ಯಕ್ಷರು. ನ್ಯಾಯಾಧೀಶರಿಗೆ ಅದರಲ್ಲಿ ಸ್ಥಾನವಿಲ್ಲ.