ಅನ್ಯೋನ್ಯ: ಒಂದು ಶಬ್ದದ ಸುತ್ತ

ಇಂಗ್ಲಿಷಿನಲ್ಲಿ ‘ಇಂಟಿಮಸಿ’ ಎಂಬುದೊಂದು ಶಬ್ದವಿದೆ. ಭಾಷಾಂತರಕಾರರನ್ನು ಅದು ಬಹಳವಾಗಿ ಕಾಡಿದೆ. ಗೆಳೆಯರ ನಡುವಣ ವಿಶ್ವಾಸಕ್ಕೂ, ದಂಪತಿಗಳ ಏಕಾಂತಕ್ಕೂ, ಒಂದು ವಿಷಯದಲ್ಲಿ ಪಡೆದ ಆಳವಾದ ಪರಿಚಯಕ್ಕೂ ಅದೊಂದೇ ಶಬ್ದ ಸಾಕಾಗುತ್ತದೆ. ಕನ್ನಡದಲ್ಲಿ ಹಾಗಲ್ಲ. ಆತ್ಮೀಯತೆ, ಸಲಿಗೆ, ಒಡನಾಟ, ಅನ್ಯೋನ್ಯತೆ – ಇವುಗಳಲ್ಲಿ ಒಂದನ್ನು ಸಂದರ್ಭವರಿತು ಆರಿಸಿಕೊಳ್ಳಬೇಕು.

ಲ್ಯಾಟಿನ್ ಭಾಷೆಯಲ್ಲಿ ‘ಇಂಟಿಮಸ್’ ಎಂದರೆ ಎಲ್ಲಕ್ಕಿಂತ ಒಳಗಿನದು ಎಂದರ್ಥ. ಅದೇ ಮೂಲದಿಂದ ‘ತಿಳಿಯಪಡಿಸು’ ಎಂಬರ್ಥದ ಕ್ರಿಯಾಪದವೊಂದೂ ಹೊರಟಿತು. ಅದರ ಸಂತಾನವೇ ನಮ್ಮ ಕಚೇರಿಗಳ ‘ಇಂಟಿಮೇಷನ್’. 1906ರಲ್ಲಿ ಕೆನರಾ ಬ್ಯಾಂಕನ್ನೂ 1924ರಲ್ಲಿ ಕರ್ಣಾಟಕ ಬ್ಯಾಂಕನ್ನೂ ಹುಟ್ಟುಹಾಕಿದ ಮಂಗಳೂರಿಗೆ ಈ ಮಾತು ಅಪರಿಚಿತವಲ್ಲ. ಸಾಲದ ಕಂತು ತಪ್ಪಿದವನ ಮನೆಗೆ ಬ್ಯಾಂಕಿನಿಂದ ಬರುವ ಕಾಗದವೂ, ಹೃದಯದ ಅತ್ಯಂತ ಒಳಗಿನ ಭಾವವೂ ಒಂದೇ ಬೇರಿನ ಚಿಗುರುಗಳೆಂದರೆ ನಗು ಬಾರದಿರದು.

ನಮ್ಮ ಶಬ್ದಗಳು ಬೇರೆ ದಾರಿ ಹಿಡಿದಿವೆ. ‘ಆತ್ಮೀಯ’ ಎಂದರೆ ತನ್ನದು. ‘ಒಡನಾಟ’ದಲ್ಲಿ ಒಡನೆ ಆಡುವುದಿದೆ, ಜೊತೆಯಲ್ಲಿ ನಡೆದು, ಕೆಲಸ ಮಾಡಿ, ಜಗಳವಾಡಿ ಬೆಳೆಸಿಕೊಳ್ಳುವ ಹತ್ತಿರವದು. ‘ಸಲಿಗೆ’ ಇನ್ನೊಬ್ಬರು ಕೊಡಬೇಕಾದದ್ದು. ಕೊಟ್ಟರೆ ತಲೆಯ ಮೇಲೆ ಕುಳಿತರು ಎಂದು ದೂರುವುದೂ ಉಂಟು. ಇವೆಲ್ಲಕ್ಕಿಂತ ಸೋಜಿಗದ ಶಬ್ದ ‘ಅನ್ಯೋನ್ಯ’. ಸಂಸ್ಕೃತದಿಂದ ಬಂದ ಈ ಶಬ್ದವನ್ನು ಬಿಡಿಸಿದರೆ ಸಿಗುವುದು ‘ಅನ್ಯ’, ಮತ್ತೆ ‘ಅನ್ಯ’. ಒಬ್ಬರಿಗೊಬ್ಬರು ಅನ್ಯರಾಗಿ ಉಳಿದೂ ಕೂಡಿ ಬಾಳಬಹುದೆಂಬ ಸೂಚನೆ ಇದರ ಒಡಲಲ್ಲೇ ಇದೆ.

ಈ ಮಾತಿಗೆ ಮಂಗಳೂರಿನ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವೊಂದಿದೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಇಲ್ಲಿಂದಲೇ ಹೊರಟಿತು. ಅದಕ್ಕಿಂತ ಕುತೂಹಲದ ಸಂಗತಿ ನಿಘಂಟುಗಳದು. 1883ರಲ್ಲಿ ಏಂಜೆಲೊ ಮಫೇಯಿ ಎಂಬ ಜೆಸುಯಿಟ್ ಪಾದ್ರಿಯ ಕೊಂಕಣಿ ನಿಘಂಟು, 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು – ಮೂರೂ ಈ ಮುದ್ರಣಾಲಯದ ಕೊಡುಗೆಗಳೇ. ಮಫೇಯಿ ಕೆಥೋಲಿಕರು, ಮುದ್ರಿಸಿದವರು ಪ್ರೊಟೆಸ್ಟಂಟರು. ಯುರೋಪಿನಲ್ಲಿ ಶತಮಾನಗಳ ಕಾಲ ಕಾದಾಡಿದ ಎರಡು ಪಂಥಗಳು ಮಂಗಳೂರಿನ ಅಚ್ಚಿನ ಮನೆಯಲ್ಲಿ ಕೊಂಕಣಿಯ ನೆಪದಿಂದ ಕೂಡಿದವು. ಯಾರೂ ಮತ ಬಿಡಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ.

ಅವರು ಬಂದದ್ದು ಮತಪ್ರಚಾರಕ್ಕೆ ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಸುಮಾರು 70 ಸಾವಿರ ಶಬ್ದಗಳನ್ನು ಕಲೆಹಾಕಿದ್ದು ಬರಿಯ ಪ್ರಚಾರದ ಹಟದಿಂದ ಸಾಧ್ಯವಾದುದಲ್ಲ. ಹಳಗನ್ನಡ ಕಾವ್ಯಗಳನ್ನು ಓದಿ, ಪಂಡಿತರ ನೆರವು ಪಡೆದು, ಜನರ ಬಾಯಿಯ ಗಾದೆಗಳನ್ನೂ ಅವರು ನಿಘಂಟಿಗೆ ತಂದರು. ಅವರು ಕನ್ನಡಿಗರಾಗಲಿಲ್ಲ, 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಅನ್ಯರಾಗಿಯೇ ಉಳಿದು ನಮ್ಮ ಭಾಷೆಯೊಡನೆ ಅವರು ನಡೆಸಿದ ಬಾಳು ಅನ್ಯೋನ್ಯ ಎಂಬುದಕ್ಕೆ ತಕ್ಕ ಅರ್ಥವಿವರಣೆಯಾಗಿದೆ.

ಊರಿನ ದಿನನಿತ್ಯದ ಬಾಳೂ ಇದೇ ಬಗೆಯದು. ತುಳುವಿನಲ್ಲಿ ‘ಮೋಕೆ’, ಕೊಂಕಣಿಯಲ್ಲಿ ‘ಮೋಗ್’ – ಪ್ರೀತಿಗೆ ಮನೆಮನೆಗೊಂದು ಶಬ್ದ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ಇದೊಂದು ವಿಶೇಷವೆಂದೇ ತೋರುವುದಿಲ್ಲ.

ಆದರೂ ಇದೇ ಊರಿನಲ್ಲಿ, 2009ರ ಜನವರಿಯಲ್ಲಿ, ಗುಂಪೊಂದು ಪಬ್ಬಿಗೆ ನುಗ್ಗಿ ಅಲ್ಲಿದ್ದ ಯುವತಿಯರನ್ನು ಹೊಡೆದಟ್ಟಿತು. ಬೇರೆ ಬೇರೆ ಮತದ ತರುಣ ತರುಣಿಯರು ಜೊತೆಯಲ್ಲಿ ಕಂಡರೆಂದು ಅಡ್ಡಗಟ್ಟಿ ಪೀಡಿಸಿದ ಸುದ್ದಿಗಳು ಆಮೇಲೂ ಬಂದಿವೆ. ಸಲಿಗೆಯನ್ನು ಕೊಡುವ, ಕೊಡದಿರುವ ಹಕ್ಕು ಆ ಇಬ್ಬರದಲ್ಲದೆ ದಾರಿಯಲ್ಲಿ ಹೋಗುವ ಮೂರನೆಯವನದೆಂದು ಯಾವ ನಿಘಂಟೂ ಹೇಳುವುದಿಲ್ಲ.

ಇಂದು ಸಭೆ ಸಭೆಯಲ್ಲೂ ‘ಆತ್ಮೀಯ ಬಂಧುಗಳೇ’ ಎಂಬ ಸಂಬೋಧನೆ ಕೇಳಿಬರುತ್ತದೆ. ತನ್ನವರನ್ನು ಮಾತ್ರ ಹತ್ತಿರ ಕರೆಯುವುದು ಸುಲಭ. ಅನ್ಯನನ್ನು ಅನ್ಯನಾಗಿಯೇ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದಕ್ಕೆ ಹೆಚ್ಚಿನ ಮನಸ್ಸು ಬೇಕು. ಆದುದರಿಂದ ‘ಇಂಟಿಮಸಿ’ಗೆ ಸಮಾನವಾದ ಕನ್ನಡ ಶಬ್ದವಾವುದೆಂದು ಯಾರಾದರೂ ಕೇಳಿದರೆ, ಮಂಗಳೂರಿನವನಾಗಿ ನಾನು ‘ಅನ್ಯೋನ್ಯತೆ’ಯನ್ನೇ ಆರಿಸುತ್ತೇನೆ.